ನೀರು ಬಂದರೂ ಜಗಳ ಏಕೆ ನಿಲ್ಲಲಿಲ್ಲ?

ಪ್ರಶ್ನೆ: ವೈಟ್‌ಫೀಲ್ಡ್ ಸಮೀಪದ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಹತ್ತು ವರ್ಷಗಳಿಂದ ವಾಸವಾಗಿದ್ದೇವೆ. ಎ ಮತ್ತು ಬಿ ಎಂದು ಎರಡು ಬ್ಲಾಕ್‌ಗಳಿವೆ. 2024ರ ಬೇಸಿಗೆಯಲ್ಲಿ ಬಿ ಬ್ಲಾಕಿನ ಬೋರ್‌ವೆಲ್ ಬತ್ತಿತು. ಟ್ಯಾಂಕರ್ ನೀರಿನ ಖರ್ಚನ್ನು ಯಾರು ಹೊರಬೇಕೆಂಬ ಮಾತಿನಿಂದ ಜಗಳ ಶುರುವಾಯಿತು. ಈಗ ಕಾವೇರಿ ಸಂಪರ್ಕ ಬಂದಿದೆ, ನೀರಿಗೆ ತೊಂದರೆಯಿಲ್ಲ. ಆದರೂ ಗೇಟಿನ ಬಳಿ ಎದುರಾದರೆ ಮುಖ ತಿರುಗಿಸುತ್ತಾರೆ, ಮಕ್ಕಳು ಸಹ ಬೇರೆ ಬೇರೆ ಆಡುತ್ತಾರೆ. ಎಲ್ಲರೂ ಓದಿದವರು, ಒಬ್ಬೊಬ್ಬರಾಗಿ ಮಾತಾಡಿಸಿದರೆ ಒಳ್ಳೆಯವರೇ. ನಮ್ಮ ಬ್ಲಾಕಿನವರು ಬರೆದ ದೂರಿನಲ್ಲಿ ಎಲ್ಲವೂ ನಿಜವಲ್ಲವೆಂದು ತಿಳಿದಿದ್ದೂ ನಾನು ಸಹಿ ಹಾಕಿದೆ. ಇದು ಬುಡಕಟ್ಟು ಬುದ್ಧಿ, ರಕ್ತದಲ್ಲೇ ಇದೆ, ಬದಲಾಗುವುದಿಲ್ಲ ಎನ್ನುತ್ತಾನೆ ನನ್ನ ಮಗ. ಹೌದೇ? ರಾಜ್ಯೋತ್ಸವಕ್ಕೆ ಎ ಬ್ಲಾಕ್ ಮತ್ತು ಬಿ ಬ್ಲಾಕ್ ನಡುವೆ ಕ್ರಿಕೆಟ್ ಪಂದ್ಯ ಇಟ್ಟರೆ ಸರಿಹೋಗಬಹುದೆಂದು ಸಂಘದವರ ಯೋಚನೆ. ತಮ್ಮ ಅಭಿಪ್ರಾಯವೇನು?

ಉತ್ತರ: ಕ್ರಿಕೆಟ್ ಪಂದ್ಯದ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ನೀವು ಹಾಕಿದ ಸಹಿಯ ಬಗ್ಗೆ ಮಾತಾಡಬೇಕು. ಅದನ್ನು ನೀವು ತಪ್ಪೊಪ್ಪಿಗೆಯ ಧಾಟಿಯಲ್ಲಿ ಬರೆದಿದ್ದೀರಿ. ನೀವು ಕೇಳಿದ ಇಡೀ ಪ್ರಶ್ನೆಯ ಬೇರು ಅಲ್ಲೇ ಇದೆಯೆಂದು ನನಗೆ ಅನಿಸುತ್ತದೆ.

1950ರ ದಶಕದ ಆರಂಭದಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ ಒಂದು ಸರಳ ಪ್ರಯೋಗ ನಡೆಸಿದರು. ಒಂದು ಗೆರೆಯನ್ನು ತೋರಿಸಿ, ಪಕ್ಕದಲ್ಲಿರುವ ಮೂರು ಗೆರೆಗಳಲ್ಲಿ ಅದೇ ಉದ್ದದ್ದು ಯಾವುದೆಂದು ಕೇಳುವುದು, ಅಷ್ಟೇ. ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲರೂ ಆಶ್ ಅವರ ಕಡೆಯವರು; ಕೆಲವು ಸುತ್ತುಗಳಲ್ಲಿ ಅವರು ಒಬ್ಬರಾದ ಮೇಲೊಬ್ಬರು ಒಂದೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಏನೂ ತಿಳಿಯದೆ ಬಂದು ಕುಳಿತ ವಿದ್ಯಾರ್ಥಿಗಳು ಅಂಥ ಸುತ್ತುಗಳಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಸಲ ಗುಂಪಿನ ತಪ್ಪನ್ನೇ ತಾವೂ ಹೇಳಿದರು; ಒಮ್ಮೆಯಾದರೂ ಹಾಗೆ ಹೇಳಿದವರು ಸುಮಾರು ಮುಕ್ಕಾಲು ಪಾಲು. ಈ ಅಂಕಿಗಳನ್ನು ಎಲ್ಲರೂ ಉದಾಹರಿಸುತ್ತಾರೆ. ಅಷ್ಟೇ ಮುಖ್ಯವಾದ ಇನ್ನೆರಡು ಸಂಗತಿಗಳನ್ನು ಹೇಳುವವರು ಕಡಿಮೆ. ಉತ್ತರವನ್ನು ಬಾಯಿಬಿಟ್ಟು ಹೇಳದೆ ಚೀಟಿಯಲ್ಲಿ ಬರೆಯಲು ಬಿಟ್ಟಾಗ ತಪ್ಪುಗಳು ಬಹಳ ಕಡಿಮೆಯಾದವು, ಅಂದರೆ ಹೆಚ್ಚಿನವರ ಕಣ್ಣು ಸರಿಯಾಗಿಯೇ ಇತ್ತು, ನಾಲಿಗೆ ಮಾತ್ರ ಗುಂಪಿನ ಕಡೆ ಹೊರಳಿತ್ತು. ಎರಡನೆಯದಾಗಿ, ಗುಂಪಿನಲ್ಲಿ ಬೇರೊಬ್ಬರು, ಒಬ್ಬರೇ ಒಬ್ಬರು, ಸರಿಯಾದ ಉತ್ತರ ಹೇಳಿದರೆ ಸಾಕಿತ್ತು, ಜನ ಗುಂಪಿಗೆ ಮಣಿಯುವುದು ಸುಮಾರು ಕಾಲು ಭಾಗಕ್ಕೆ ಇಳಿಯುತ್ತಿತ್ತು. ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ನಿಮ್ಮಂತೆಯೇ ಮನಸ್ಸಿನಲ್ಲಿ ಅಳುಕಿದವರು ಇನ್ನೂ ಕೆಲವರು ಇದ್ದಿರಬಹುದು, ಮತ್ತು ಅವರಲ್ಲಿ ಪ್ರತಿಯೊಬ್ಬರೂ ಅಳುಕು ತಮಗೊಬ್ಬರಿಗೇ ಎಂದುಕೊಂಡಿರಬಹುದು.

ಇನ್ನು ನಿಮ್ಮ ಮಗ ಬಳಸಿದ ಪದ. ಗುಂಪುಗಾರಿಕೆಗೆ ‘ಬುಡಕಟ್ಟು ಬುದ್ಧಿ’ ಎನ್ನುವುದು ಈಗ ರೂಢಿಯಾಗಿದೆ, ಆದರೆ ನನಗೆ ಅದು ಒಪ್ಪಿಗೆಯಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ತಮ್ಮ ಕಾಡಿನ ಮೇಲಿನ ಸಮುದಾಯ ಹಕ್ಕನ್ನು ಕಾನೂನಿನ ಮೂಲಕವೇ ಪಡೆದುಕೊಂಡರು. ಟ್ಯಾಂಕರ್ ಬಿಲ್ಲಿಗಾಗಿ ನೆರೆಯವರ ಮುಖ ನೋಡದ ನಮ್ಮ ನಡವಳಿಕೆಗೆ ಅಂಥವರ ಹೆಸರನ್ನು ಅಂಟಿಸುವುದು ನ್ಯಾಯವಲ್ಲ. ಈ ಪ್ರವೃತ್ತಿ ಕಾಡಿನವರದೂ ಅಲ್ಲ, ಹಿಂದಿನ ಕಾಲದವರದೂ ಅಲ್ಲ, ಮನುಷ್ಯರೆಲ್ಲರದು. ಇದನ್ನು ‘ನಮ್ಮವರು ಎಂಬ ಭಾವ’ ಎಂದು ಕರೆಯೋಣ.

ಅದು ರಕ್ತದಲ್ಲಿದೆಯೇ ಎಂದರೆ, ಒಂದು ಅರ್ಥದಲ್ಲಿ ಹೌದು. ಐದಾರು ತಿಂಗಳ ಕೂಸುಗಳು ತಮ್ಮ ಮನೆಯ ಭಾಷೆಯಾಡಿದವರ ಮುಖವನ್ನು ಪರಭಾಷೆಯಾಡಿದವರ ಮುಖಕ್ಕಿಂತ ಹೆಚ್ಚು ಹೊತ್ತು ನೋಡುತ್ತವೆ, ಹತ್ತು ತಿಂಗಳಾಗುವಷ್ಟರಲ್ಲಿ ಆಟಿಕೆಯನ್ನೂ ಅಂಥವರ ಕೈಯಿಂದಲೇ ತೆಗೆದುಕೊಳ್ಳಲು ಒಲವು ತೋರುತ್ತವೆ ಎಂದು ಕ್ಯಾಥರೀನ್ ಕಿನ್ಸ್‌ಲರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆದರೆ ಯಾವ ಭಾಷೆ ಮನೆಯದು ಎಂಬುದನ್ನು ಯಾವ ಕೂಸೂ ರಕ್ತದಲ್ಲಿ ತಂದಿರುವುದಿಲ್ಲ. ನಮ್ಮವರನ್ನು ಹುಡುಕುವ ಚಪಲ ಹುಟ್ಟಿನಿಂದ ಬರುತ್ತದೆ, ನಮ್ಮವರು ಯಾರೆಂಬುದನ್ನು ಸುತ್ತಲಿನವರು ಕಲಿಸಿಕೊಡುತ್ತಾರೆ. ಮಗನ ಮಾತಿನಲ್ಲಿ ಈ ಎರಡು ಕಲೆಸಿಹೋಗಿವೆ.

ನಮ್ಮವರನ್ನು ಹುಡುಕಿ ಅವರಂತೆಯೇ ನಡೆಯುವ ಈ ಚಪಲ ನಮಗೇಕೆ ಬಂತು ಎಂಬುದನ್ನು ಅಡುಗೆಮನೆಯಲ್ಲಿ ನಿಂತು ನೋಡುವುದು ಸುಲಭ. ಪತ್ರೊಡೆ ಮಾಡುವವರು ಕೆಸುವಿನ ಎಲೆಗೆ ಹುಣಸೆಹುಳಿ ಹಾಕಿಯೇ ಹಾಕುತ್ತಾರೆ. ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ಅವು ಗಂಟಲನ್ನು ತುರಿಸುತ್ತವೆ, ಹುಳಿ ಮತ್ತು ಬೇಯಿಸುವುದು ಸೇರಿ ಅದನ್ನು ಶಮನಗೊಳಿಸುತ್ತವೆ ಎಂಬ ರಸಾಯನಶಾಸ್ತ್ರ ಯಾವ ಅಜ್ಜಿಗೂ ಬೇಕಾಗಿರಲಿಲ್ಲ. ಅವರ ತಾಯಿ ಹಾಗೆ ಮಾಡುತ್ತಿದ್ದರು, ಅವರೂ ಹಾಗೇ ಮಾಡಿದರು. ‘ಹುಳಿ ಏಕೆ, ಬಿಟ್ಟು ನೋಡೋಣ’ ಎಂದು ಪ್ರತಿ ತಲೆಮಾರೂ ಪರೀಕ್ಷೆಗೆ ಹೊರಟಿದ್ದರೆ ಪ್ರತಿ ತಲೆಮಾರೂ ಗಂಟಲು ಕೆರೆದುಕೊಳ್ಳಬೇಕಿತ್ತು. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪೆಟ್ಟಿಗೆಯೊಂದರಿಂದ ಬಹುಮಾನ ತೆಗೆಯುವ ಕ್ರಮವನ್ನು ಕೆಲವು ಅನಗತ್ಯ ಹೆಜ್ಜೆಗಳ ಸಮೇತ ಚಿಂಪಾಂಜಿಗಳಿಗೂ ಮೂರು ನಾಲ್ಕು ವರ್ಷದ ಮಕ್ಕಳಿಗೂ ತೋರಿಸಲಾಯಿತು. ಪೆಟ್ಟಿಗೆ ಪಾರದರ್ಶಕವಾಗಿದ್ದು ಒಳಗಿನದು ಕಾಣುವಂತಿದ್ದಾಗ ಚಿಂಪಾಂಜಿಗಳು ಅನಗತ್ಯವಾದದ್ದನ್ನು ಬಿಟ್ಟು ನೇರವಾಗಿ ಬಹುಮಾನಕ್ಕೆ ಕೈಹಾಕಿದವು. ಮಕ್ಕಳು ಆಗಲೂ ಎಲ್ಲ ಹೆಜ್ಜೆಗಳನ್ನೂ ಚಾಚೂ ತಪ್ಪದೆ ಅನುಸರಿಸಿದರು. ಆ ಕ್ಷಣಕ್ಕೆ ಚಿಂಪಾಂಜಿಯೇ ಜಾಣ ಎಂದು ಕಾಣುತ್ತದೆ. ಆದರೆ ಕಾರಣ ತಿಳಿಯದ ಹೆಜ್ಜೆಯನ್ನೂ ಬಿಡದೆ ಉಳಿಸಿಕೊಳ್ಳುವ ಗುಣದಿಂದಲೇ ಅಡುಗೆ, ವೈದ್ಯ, ನೇಯ್ಗೆ, ಭಾಷೆ ಎಲ್ಲವೂ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿ ಬಂದಿವೆ. ಸುತ್ತಲಿನವರು ಮಾಡಿದಂತೆ ಮಾಡು ಎಂದು ಒಳಗಿನಿಂದ ನಮ್ಮನ್ನು ತಳ್ಳುವ ಆ ಶಕ್ತಿಯೇ ಪತ್ರೊಡೆಗೆ ಹುಳಿಯನ್ನೂ ಹಾಕಿಸುತ್ತದೆ, ದೂರಿನ ಪತ್ರಕ್ಕೆ ಸಹಿಯನ್ನೂ ಹಾಕಿಸುತ್ತದೆ. ಅದನ್ನು ಕಿತ್ತೆಸೆಯುವ ಮಾತು ಆಡಬಾರದು, ಕಿತ್ತರೆ ನಾವು ಮನುಷ್ಯರಾಗಿ ಉಳಿಯುವುದಿಲ್ಲ.

ಹಾಗಾದರೆ ದ್ವೇಷ ಎಲ್ಲಿಂದ ಬಂತು? ಹೆನ್ರಿ ತಾಜ್ಫೆಲ್ ಎಂಬ ಮನೋವಿಜ್ಞಾನಿ ಪೋಲೆಂಡಿನ ಯಹೂದಿ ಮನೆತನದವರು. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರಾಗಿ ಜರ್ಮನರಿಗೆ ಸೆರೆಸಿಕ್ಕು ಬದುಕುಳಿದರು. ಊರಿಗೆ ಮರಳಿದಾಗ ಬಂಧುಗಳಲ್ಲಿ ಬಹುತೇಕ ಯಾರೂ ಉಳಿದಿರಲಿಲ್ಲ. ಜನ ಜನರನ್ನು ಪರರೆಂದು ನೋಡಲು ಕನಿಷ್ಠ ಏನು ಸಾಕು ಎಂಬುದನ್ನು ಅವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಡುಕಿದರು. 1970ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 14-15 ವಯಸ್ಸಿನ ಶಾಲಾ ಹುಡುಗರಿಗೆ ಪರದೆಯ ಮೇಲಿನ ಚುಕ್ಕೆಗಳನ್ನು ಅಂದಾಜು ಮಾಡಲು ಹೇಳಿ, ಹೆಚ್ಚು ಎಣಿಸಿದವರು ಮತ್ತು ಕಡಿಮೆ ಎಣಿಸಿದವರು ಎಂದು ಹೆಸರಿಗಷ್ಟೇ ಎರಡು ಗುಂಪು ಮಾಡಿ, ಬೇರೆ ಹುಡುಗರಿಗೆ ಹಣ ಹಂಚಲು ಬಿಟ್ಟರು. ಯಾರು ಯಾರೆಂದು ಗೊತ್ತಿಲ್ಲ, ಹಂಚುವವನಿಗೆ ಒಂದು ಕಾಸೂ ಇಲ್ಲ. ಆದರೂ ಹುಡುಗರು ತಮ್ಮ ಗುಂಪಿನ ಕಡೆ ವಾಲಿದರು.

ಇದನ್ನು ನಾನು ನಮ್ಮಲ್ಲೇ ಕಂಡಿದ್ದೇನೆ. ಬಹಳ ವರ್ಷಗಳ ಹಿಂದೆ, ಬಸವನಗುಡಿಯ ಕಡಲೆಕಾಯಿ ಪರಿಷೆಯ ಮರುದಿನ, ಗಾಜಿನ ಭರಣಿಯ ತುಂಬ ಕಡಲೆಕಾಯಿ ತುಂಬಿಕೊಂಡು ತರಗತಿಗೆ ಹೋದೆ. ಎಷ್ಟಿವೆ ಎಂದು ಪ್ರತಿಯೊಬ್ಬರೂ ಊಹಿಸಿ ಚೀಟಿಯಲ್ಲಿ ಬರೆದರು. ಚೀಟಿಗಳನ್ನು ಕಟ್ಟಿ ಪಕ್ಕಕ್ಕಿಟ್ಟು, ‘ಹೆಚ್ಚು ಎಣಿಸಿದವರು’, ‘ಕಡಿಮೆ ಎಣಿಸಿದವರು’ ಎಂದು ಎರಡು ಪಟ್ಟಿ ಓದಿದೆ. ಅನಂತರ ತಾಜ್ಫೆಲ್ ಬಳಸಿದಂಥದೇ ಒಂದು ಕೋಷ್ಟಕ ಕೊಟ್ಟೆ. ಅದರ ಒಂದು ತುದಿಯಲ್ಲಿ ನಮ್ಮ ಗುಂಪಿನವನಿಗೆ 19 ಅಂಕ, ಆ ಗುಂಪಿನವನಿಗೆ 25. ಇನ್ನೊಂದು ತುದಿಯಲ್ಲಿ ನಮ್ಮವನಿಗೆ 7, ಅವನಿಗೆ 1. ನಡುವೆ ಇಬ್ಬರಿಗೂ 13. ಮುಂದಿನ ಸಾಲಿನ ಹುಡುಗಿಯೊಬ್ಬಳು ಕ್ಷಣವೂ ಯೋಚಿಸದೆ 7ಕ್ಕೆ ಗುರುತು ಹಾಕಿದಳು. ನಿಮ್ಮವರಿಗೇ 12 ಅಂಕ ನಷ್ಟವಲ್ಲವೇ ಎಂದು ಕೇಳಿದೆ. ‘ನಮ್ಗೆ ಏಳೇ ಬರ್ಲಿ ಸರ್, ಅವ್ರಿಗೆ ಒಂದೇ ತಾನೆ ಬರೋದು?’ ಎಂದಳು. ಆಮೇಲೆ ನಾನು ಹಾಜರಿ ಪುಸ್ತಕ ತೆರೆದು ತೋರಿಸಿದೆ: ಬೆಸ ಸಂಖ್ಯೆಯವರು ಒಂದು ಪಟ್ಟಿ, ಸಮ ಸಂಖ್ಯೆಯವರು ಇನ್ನೊಂದು, ಚೀಟಿಗಳ ಕಟ್ಟನ್ನು ನಾನು ಬಿಚ್ಚಿಯೇ ಇರಲಿಲ್ಲ. ಅವಳೇ ಎದ್ದು ಬಂದು ಕಟ್ಟು ಬಿಚ್ಚಿ ಒಂದೊಂದಾಗಿ ನೋಡಿದಳು. ಹೆಚ್ಚು ಎಣಿಸಿದವರ ಗುಂಪಿನಲ್ಲಿದ್ದ ಅವಳ ಊಹೆ ಇಡೀ ತರಗತಿಯಲ್ಲೇ ಅತಿ ಕಡಿಮೆಯದಾಗಿತ್ತು. ಚೀಟಿ ಹಿಡಿದುಕೊಂಡು ಅವಳು ನಿಂತಿದ್ದ ರೀತಿ ಇಂದಿಗೂ ನನ್ನ ಕಣ್ಣ ಮುಂದಿದೆ. ಅವಳು ಕೆಟ್ಟ ಹುಡುಗಿಯಲ್ಲ, ಯಾರ ಮೇಲೂ ಅವಳಿಗೆ ಸಿಟ್ಟಿರಲಿಲ್ಲ. ನಮ್ಮವರು ಎಂದು ಒಂದು ಗೆರೆ ತೋರಿಸಿದೊಡನೆ, ನಮ್ಮವರಿಗೆ ಎಷ್ಟು ಸಿಕ್ಕಿತು ಎಂಬ ಲೆಕ್ಕ ಹೋಗಿ ಅವರಿಗಿಂತ ಎಷ್ಟು ಹೆಚ್ಚು ಸಿಕ್ಕಿತು ಎಂಬ ಲೆಕ್ಕ ಶುರುವಾಗಿತ್ತು. ನಿಮ್ಮ ಎರಡು ಬ್ಲಾಕ್‌ಗಳ ನಡುವೆ ಈಗ ನಡೆಯುತ್ತಿರುವುದು ಈ ಎರಡನೆಯ ಲೆಕ್ಕ. ನೀರು ಬಂದದ್ದರಿಂದ ಮೊದಲನೆಯ ಲೆಕ್ಕ ತೀರಿತು, ಎರಡನೆಯದಕ್ಕೆ ನೀರು ಬೇಕಾಗಿಯೇ ಇಲ್ಲ.

ಇಷ್ಟು ಸುಲಭವಾಗಿ ಎಳೆದ ಗೆರೆಯನ್ನು ಬೇರೆಡೆಗೆ ಸರಿಸಲೂ ಬರುತ್ತದೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಅದನ್ನು ಅವರು ರಾಂಪುರ ಎಂದು ಕರೆದರು. ಜಾತಿ ಜಾತಿಯೊಳಗಿನ ಒಗ್ಗಟ್ಟು ಊರೂರನ್ನು ದಾಟಿ ಅಡ್ಡಡ್ಡಲಾಗಿ ಹರಡಿರುವುದನ್ನೂ, ಅದೇ ಜನ ಊರಿನ ಪ್ರಶ್ನೆ ಬಂದಾಗ ಬೇರೆ ಬೇರೆ ಜಾತಿಗಳವರಾದರೂ ಒಂದೇ ಊರಿನವರಾಗಿ ನಿಲ್ಲುವುದನ್ನೂ ಅವರು ಗುರುತಿಸಿದರು. ಬೆಳಿಗ್ಗೆ ಪರರಾಗಿದ್ದವರು ಸಂಜೆ ಪಕ್ಕದ ಊರಿನವರೆದುರು ನಮ್ಮವರಾಗುತ್ತಿದ್ದರು. 2001ರಲ್ಲಿ ರಾಬರ್ಟ್ ಕುರ್ಜ್‌ಬನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನೇ ಬೇರೆ ಬಗೆಯಲ್ಲಿ ಪರೀಕ್ಷಿಸಿದರು. ಬೇರೆ ಬೇರೆ ಬಣ್ಣದ ಜೆರ್ಸಿ ತೊಟ್ಟ ಎರಡು ತಂಡಗಳ ಆಟಗಾರರು ವಾದಿಸುವುದನ್ನು ತೋರಿಸಿದರೆ, ಅದೂ ನಾಲ್ಕು ನಿಮಿಷಕ್ಕಿಂತ ಕಡಿಮೆ ಹೊತ್ತು, ನೋಡುವವರು ಆಟಗಾರರನ್ನು ಮೈಬಣ್ಣದಿಂದ ವಿಂಗಡಿಸುವುದು ಇಳಿದು ಜೆರ್ಸಿಯ ಬಣ್ಣದಿಂದ ವಿಂಗಡಿಸತೊಡಗಿದ್ದರು. ಮನಸ್ಸು ಹುಡುಕುವುದು ಯಾರು ಯಾರ ಜೊತೆ ನಿಂತಿದ್ದಾರೆ ಎಂಬುದನ್ನು. ಮೈಬಣ್ಣ, ಭಾಷೆ, ಬ್ಲಾಕಿನ ಅಕ್ಷರ ಇವೆಲ್ಲ ಅದಕ್ಕೆ ಸಿಗುವ ಗುರುತುಗಳು.

ನಮ್ಮ ಭಾಷೆಯ ಒಂದು ಸಂಗತಿಯನ್ನು ಇಲ್ಲಿ ಹೇಳದಿರಲಾರೆ. ತಮಿಳಿನಲ್ಲಿ ‘ನಾಮ್’ ಎಂದರೆ ಕೇಳುವವರೂ ಸೇರಿದ ನಾವು, ‘ನಾಂಗಳ್’ ಎಂದರೆ ಕೇಳುವವರನ್ನು ಬಿಟ್ಟ ನಾವು. ತೆಲುಗಿನಲ್ಲಿ ‘ಮನಂ’, ‘ಮೇಮು’ ಎಂದೂ ತುಳುವಿನಲ್ಲಿ ‘ನಮ’, ‘ಎಂಕುಳು’ ಎಂದೂ ಇದೇ ಭೇದವಿದೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಹಾಗಾಗಿ ನಿಮ್ಮ ಸಂಘದ ಸಭೆಯಲ್ಲಿ ಅಧ್ಯಕ್ಷರು ‘ನಾವು ಇಷ್ಟು ಖರ್ಚು ಮಾಡಿದ್ದೇವೆ’ ಎಂದಾಗ ಬಿ ಬ್ಲಾಕಿನವರು ಆ ನಾವುವಿನಲ್ಲಿ ತಾವು ಇದ್ದೇವೋ ಇಲ್ಲವೋ ಎಂಬುದನ್ನು ಪದದಿಂದ ತಿಳಿಯಲಾರರು, ದನಿಯಿಂದಲೂ ನೋಟದಿಂದಲೂ ತಿಳಿಯುತ್ತಾರೆ. ಸಭೆಗಳಲ್ಲಿ ಇದನ್ನು ಸ್ವಲ್ಪ ಗಮನಿಸಿ ನೋಡಿ.

ಓದಿದವರೇ ಹೀಗೇಕೆ ಎಂಬ ನಿಮ್ಮ ಬೇಸರಕ್ಕೆ ಒಂದೇ ಮಾತು: ಓದು ಈ ಪ್ರವೃತ್ತಿಯನ್ನು ಅಳಿಸುವುದಿಲ್ಲ, ಅದರ ಕೈಗೆ ಒಳ್ಳೆಯ ಸಲಕರಣೆ ಕೊಡುತ್ತದೆ. ತಮ್ಮ ಪಕ್ಷದ ನಿಲುವಿಗೆ ತಾಗುವ ಅಂಕಿಅಂಶ ಎದುರಾದಾಗ ಎರಡೂ ಪಕ್ಷಗಳಲ್ಲಿ ಲೆಕ್ಕದಲ್ಲಿ ಚುರುಕಾದವರೇ ಪರಸ್ಪರ ಇನ್ನಷ್ಟು ದೂರ ಸರಿಯುತ್ತಾರೆಂದು ಡ್ಯಾನ್ ಕಾಹನ್ ಮತ್ತು ಸಂಗಡಿಗರ ಅಧ್ಯಯನ ಹೇಳಿತು. ಮತ್ತೆ ನಡೆಸಿ ನೋಡಿದಾಗ ಪರಿಣಾಮ ಅಷ್ಟು ಬಲವಾಗಿ ಕಾಣಲಿಲ್ಲವೆಂಬುದೂ ನಿಜ. ಆದರೆ ಲೆಕ್ಕ ಬಲ್ಲವರು ಪಕ್ಷಪಾತದಿಂದ ಪಾರಾದರೆಂದು ಆ ಯಾವ ಅಧ್ಯಯನವೂ ತೋರಿಸಿಲ್ಲ. ನಿಮ್ಮ ದೂರಿನ ಪತ್ರದ ಜೊತೆ ಎಕ್ಸೆಲ್ ಹಾಳೆಯೊಂದು ಲಗತ್ತಾಗಿದ್ದರೆ ನನಗೆ ಆಶ್ಚರ್ಯವಾಗದು.

ಈಗ ನೀರಿನ ವಿಚಾರ. 1954ರಲ್ಲಿ ಮನೋವಿಜ್ಞಾನಿ ಮುಜಾಫರ್ ಶೆರಿಫ್ ಅಮೆರಿಕದ ಒಕ್ಲಹೋಮದ ರಾಬರ್ಸ್ ಕೇವ್ ಎಂಬ ಉದ್ಯಾನದಲ್ಲಿ ಹನ್ನೊಂದರ ಆಸುಪಾಸಿನ 22 ಹುಡುಗರ ಬೇಸಿಗೆ ಶಿಬಿರ ನಡೆಸಿದರು. ಎರಡು ಗುಂಪು ಮಾಡಿ, ಮೊದಲು ಒಬ್ಬರಿಗೊಬ್ಬರು ಕಾಣದಂತೆ ಇರಿಸಿ, ಆಮೇಲೆ ಹಗ್ಗಜಗ್ಗಾಟ ಮತ್ತು ಬೇಸ್‌ಬಾಲ್ ಪಂದ್ಯಗಳನ್ನು ಇಟ್ಟರು. ಕೆಲವೇ ದಿನಗಳಲ್ಲಿ ಬಾವುಟ ಸುಡುವವರೆಗೆ, ಕೋಣೆಗೆ ನುಗ್ಗುವವರೆಗೆ ಹೋಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಒಬ್ಬರ ಮೇಲೊಬ್ಬರು ಎರಚಿದರು. ಸೇರಿಸಿ ಕೂರಿಸಿದ್ದರಿಂದ ಏನೂ ಆಗಲಿಲ್ಲ ಎಂಬುದನ್ನು ನಿಮ್ಮ ಸಂಘದವರು ಗಮನಿಸಬೇಕು. ಬದಲಾವಣೆ ಶುರುವಾದದ್ದು ಶಿಬಿರದ ನೀರು ನಿಂತಾಗ. ಟ್ಯಾಂಕಿನಿಂದ ಬರುವ ನೀರಿನ ದಾರಿಯನ್ನು ಪ್ರಯೋಗ ನಡೆಸುವವರೇ ಮುಚ್ಚಿಸಿದ್ದರು, ಎರಡೂ ಗುಂಪಿನವರು ಬಾಯಾರಿ, ಸೇರಿಯೇ ಹುಡುಕಿ, ಸೇರಿಯೇ ಬಿಡಿಸಿದರು. ಜಗಳ ಅಂದೇ ನಿಲ್ಲಲಿಲ್ಲ. ಅಂಥ ಹಲವು ಕೆಲಸಗಳಾದ ಮೇಲೆ ನಿಂತಿತು. ಕೆಟ್ಟು ನಿಂತ ಲಾರಿಯನ್ನು ಎಳೆಯಲು ಅವರು ತಂದದ್ದು ಹಗ್ಗಜಗ್ಗಾಟದ ಅದೇ ಹಗ್ಗವನ್ನು. ಮರಳುವಾಗ ಒಂದೇ ಬಸ್ಸಿನಲ್ಲಿ ಬಂದರು, ಒಂದು ಗುಂಪು ತಾನು ಗೆದ್ದಿದ್ದ ಐದು ಡಾಲರಿನಲ್ಲಿ ಎಲ್ಲರಿಗೂ ಹಾಲಿನ ಪಾನೀಯ ಕೊಡಿಸಿತು. ಇನ್ನೊಂದು ಸಂಗತಿ: ಹಿಂದಿನ ವರ್ಷ, 1953ರಲ್ಲಿ, ಶೆರಿಫ್ ನಡೆಸಿದ ಇಂಥದೇ ಶಿಬಿರ ಅವರ ಲೆಕ್ಕದಲ್ಲಿ ವಿಫಲವಾಗಿತ್ತು. ಅಲ್ಲಿ ಹುಡುಗರು ಗುಂಪಾಗುವ ಮೊದಲೇ ಸ್ನೇಹಿತರಾಗಿದ್ದರು, ಎಷ್ಟು ಕೆಣಕಿದರೂ ಜಗಳವಾಡಲಿಲ್ಲ, ದೊಡ್ಡವರ ಮೇಲೆಯೇ ಸಂಶಯಪಟ್ಟರು. ಅದು ವಿಫಲ ಪ್ರಯೋಗವೆಂದು ನಾನು ಒಪ್ಪುವುದಿಲ್ಲ. ನಿಮ್ಮಲ್ಲಿಯೂ ಜಗಳಕ್ಕಿಂತ ಮೊದಲಿನ ಎಂಟು ವರ್ಷಗಳ ನೆರೆಹೊರೆಯಿದೆ.

ನೀರೇ ಜನರನ್ನು ಸೇರಿಸುವುದು ನಮ್ಮ ನೆಲದಲ್ಲೂ ನಡೆದಿದೆ. 1991ರಲ್ಲಿಯೂ 2016ರಲ್ಲಿಯೂ ಕಾವೇರಿಯ ಹೆಸರಿನಲ್ಲಿ ಬೆಂಗಳೂರು ಹೊತ್ತಿ ಉರಿದದ್ದನ್ನು ನಾವು ನೋಡಿದ್ದೇವೆ. ಆ ಎರಡರ ನಡುವೆ, 2003ರಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ರೈತರು ಸೇರಿ ‘ಕಾವೇರಿ ಕುಟುಂಬ’ ಎಂಬ ಸಮಿತಿ ಮಾಡಿಕೊಂಡು, ಪರಸ್ಪರರ ಜಮೀನಿಗೆ ಹೋಗಿ, ಒಣಗಿದ ಬೆಳೆಯನ್ನು ಕಣ್ಣಾರೆ ನೋಡಿ ಬಂದರು. ವಿವಾದ ಅದರಿಂದ ಬಗೆಹರಿಯಲಿಲ್ಲ. 2018ರ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ಎಳೆಯಿತು. ಆದರೆ ಆ ಭೇಟಿಗಳಲ್ಲಿ ಗೆರೆ ಎರಡು ರಾಜ್ಯಗಳ ನಡುವಿನಿಂದ ಸರಿದು, ನೀರು ನೆಚ್ಚಿ ಬದುಕುವವರು ಮತ್ತು ನೀರಿನ ಮೇಲೆ ರಾಜಕೀಯ ಮಾಡುವವರು ಎಂಬಲ್ಲಿಗೆ ಬಂದಿತ್ತು.

ಆದ್ದರಿಂದ ನಿಮ್ಮ ಸಂಘಕ್ಕೆ ನನ್ನ ಮೊದಲ ಸಲಹೆ ಬತ್ತಿದ ಆ ಬೋರ್‌ವೆಲ್‌ನಿಂದಲೇ ಆರಂಭಿಸಿ ಎಂಬುದು. ಎರಡೂ ಬ್ಲಾಕಿನ ತಾರಸಿಯ ಮಳೆನೀರನ್ನು ಅದರ ಬಳಿಯ ಇಂಗುಗುಂಡಿಗೆ ತಿರುಗಿಸುವ ಕೆಲಸವನ್ನು ಹಮ್ಮಿಕೊಳ್ಳಿ. ಒಂದು ಬ್ಲಾಕಿನ ತಾರಸಿಯಿಂದ ಸಿಗುವ ನೀರಿಗಿಂತ ಎರಡರಿಂದ ಸಿಗುವುದು ಹೆಚ್ಚೆಂಬುದನ್ನು ಯಾರೂ ವಾದಿಸಿ ಒಪ್ಪಿಸಬೇಕಿಲ್ಲ. ಸಮಿತಿಯಲ್ಲಿ ಬ್ಲಾಕಿಗೆ ಇಷ್ಟು ಪ್ರತಿನಿಧಿಗಳೆಂದು ಹಂಚಬೇಡಿ, ಪ್ರತಿನಿಧಿಯಾದವರು ಗೆರೆಯನ್ನು ಕಾಯಲೇಬೇಕಾಗುತ್ತದೆ. ಕೊಳಾಯಿ ಬಲ್ಲವರು, ಲೆಕ್ಕ ಬಲ್ಲವರು, ಬೆಳಿಗ್ಗೆ ಮನೆಯಲ್ಲಿರುವವರು ಎಂದು ಕೆಲಸ ನೋಡಿ ಆರಿಸಿ. ಖರ್ಚಿನ ತೀರ್ಮಾನಗಳನ್ನು ಕೈ ಎತ್ತಿಸಿ ಕೇಳುವ ಬದಲು ಚೀಟಿಯಲ್ಲಿ ಬರೆಸಿ. ಮುಂದಿನ ಪತ್ರ ನಿಮ್ಮ ಬಾಗಿಲಿಗೆ ಬಂದಾಗ, ‘ಈ ಮೂರನೆಯ ಸಾಲು ಸರಿಯಿಲ್ಲ, ತಿದ್ದಿದರೆ ಸಹಿ ಹಾಕುತ್ತೇನೆ’ ಎನ್ನಿ. ಗುಂಪನ್ನು ಬಿಟ್ಟುಬಂದಂತೆಯೂ ಆಗುವುದಿಲ್ಲ, ಅಳುಕಿದ್ದವರಿಗೆ ಆಶ್ ಅವರ ಪ್ರಯೋಗದ ಆ ಒಬ್ಬ ಸಂಗಾತಿಯೂ ಸಿಕ್ಕಂತಾಗುತ್ತದೆ.

ಕ್ರಿಕೆಟ್ ಆಡಿಸಿ, ಆದರೆ ಎ ಬ್ಲಾಕ್ ವಿರುದ್ಧ ಬಿ ಬ್ಲಾಕ್ ಬೇಡವೇ ಬೇಡ. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಗಳ 1,261 ಯುವಕರನ್ನು ಸೇರಿಸಿಕೊಂಡು ಅಧ್ಯಯನ ನಡೆಸಿದರು. ಕೆಲವರನ್ನು ಒಂದು ತಿಂಗಳ ಕ್ರಿಕೆಟ್ ಲೀಗ್‌ಗಳಲ್ಲಿ ಆಡಿಸಿ, ಉಳಿದವರನ್ನು ಹೋಲಿಕೆಗೆ ಇಟ್ಟುಕೊಂಡರು. 2021ರಲ್ಲಿ ಪ್ರಕಟವಾದ ಅದರ ಫಲಿತಾಂಶ ಸ್ಪಷ್ಟವಾಗಿದೆ: ಬೇರೆ ಜಾತಿಯವರು ತಮ್ಮದೇ ತಂಡದಲ್ಲಿದ್ದವರಿಗೆ ಜಾತಿ ದಾಟಿದ ಸ್ನೇಹಗಳು ಹೆಚ್ಚಾದವು, ಸ್ವಜಾತಿ ಪಕ್ಷಪಾತ ಇಳಿಯಿತು, ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಎದುರಿಸಿದವರಲ್ಲಿ ಬಹುಮಟ್ಟಿಗೆ ಇದರ ವಿರುದ್ಧವೇ ಆಯಿತು. ಆಟ ಅದೇ, ಮೈದಾನ ಅದೇ, ಜನರೂ ಅವರೇ. ಯಾರ ಪಕ್ಕದಲ್ಲಿ ಯಾರು ನಿಂತರು ಎಂಬುದಷ್ಟೇ ಬೇರೆ.

ಹಾಗಾಗಿ ತಂಡಗಳನ್ನು ಚೀಟಿ ಎತ್ತಿ ಮಾಡಿ, ಪ್ರತಿ ತಂಡದಲ್ಲೂ ಎರಡು ಬ್ಲಾಕಿನವರು ಸಮವಾಗಿ ಬರಲಿ, ಜೆರ್ಸಿಯ ಬಣ್ಣಕ್ಕೂ ಬ್ಲಾಕಿಗೂ ಸಂಬಂಧ ಇರದಿರಲಿ. ನವೆಂಬರ್ 1ರ ಒಂದೇ ದಿನಕ್ಕೆ ಮುಗಿಸದೆ ಅಕ್ಟೋಬರಿನ ನಾಲ್ಕು ಭಾನುವಾರ ಆಡಿಸಿ, ರಾಜ್ಯೋತ್ಸವಕ್ಕೆ ಕೊನೆಯ ಪಂದ್ಯ ಇಟ್ಟುಕೊಳ್ಳಿ. ಮಕ್ಕಳ ತಂಡಗಳಿಂದ ಶುರುಮಾಡುವುದು ಒಳ್ಳೆಯದು. ಯಾರ ಜೊತೆ ಆಡಬಾರದೆಂಬುದನ್ನು ಅವರು ದೊಡ್ಡವರನ್ನು ನೋಡಿ ಕಲಿತದ್ದು ಇತ್ತೀಚೆಗಷ್ಟೇ, ಮತ್ತು ಅವರನ್ನು ಭಾನುವಾರ ಬೆಳಿಗ್ಗೆ ಆಟಕ್ಕೆ ಕರೆತರಲು ಎರಡು ಬ್ಲಾಕಿನ ತಂದೆತಾಯಂದಿರೂ ಕೆಳಗಿಳಿದು ಬರಲೇಬೇಕಾಗುತ್ತದೆ.